ಎರ್ಮೆಕ್‌ಗೆ ಕೊಡದ ಕುಮಿಸ್

ಅಧ್ಯಕ್ಷತೆ ವಹಿಸಿರುವ ನನ್ನ ಭಾವನವರೇ, ಗಂಡನ ಅಣ್ಣನ ಹೆಸರು ನಮ್ಮಲ್ಲಿ ಸೊಸೆಯಂದಿರ ಬಾಯಲ್ಲಿ ಬರುವಂತಿಲ್ಲ, ನಿರೂಪಕರು ಆಗಲೇ ಹೇಳಿ ನನ್ನನ್ನು ಉಳಿಸಿದ್ದಾರೆ. ಪಟ್ಟಣದಿಂದ ಬಂದ ಗಣ್ಯರೇ, ನಾವಿಂದು ಬೀಳ್ಕೊಡುತ್ತಿರುವ ಡಾಕ್ಟರ್ ಅನಾರ್ಕಾನ್ ಅವರೇ, ಕುದುರೆಗಳನ್ನು ಹೊರಗೆ ಕಟ್ಟಿ ಒಳಗೆ ತಾಳ್ಮೆಯಿಂದ ಕುಳಿತಿರುವ ಸುಸಾಮಿರ್ ಕಣಿವೆಯ ಸಭಿಕರೇ,

ಭಾಷಣ ಮಾಡಿ ಗೊತ್ತಿಲ್ಲ ನನಗೆ. ಅಕ್ಷರ ಕಲಿತದ್ದೇ ಹಿಟ್ಟಿನ ಚೀಲದ ಮೇಲಿನ ಬರಹ ನೋಡಿ. ಆದರೂ ಡಾಕ್ಟರಮ್ಮನ ಬಗ್ಗೆ ಎರಡು ಮಾತು ಜಿಪಾರ್ಕುಲಳೇ ಆಡಲಿ ಎಂದಿರಿ. ಎರಡಕ್ಕೆ ನಿಂತರೆ ನನ್ನ ಪುಣ್ಯ.

ಕುದುರೆಯ ಹಾಲನ್ನು ಚರ್ಮದ ಚೀಲದಲ್ಲಿ ಕಡೆದು ಹುಳಿಸಿ ಕುಮಿಸ್ ಮಾಡುವವರು ನಾವು. ಹಳೆಯ ಕುಮಿಸನ್ನು ಪೂರ್ತಿ ಖಾಲಿ ಮಾಡುವವರಲ್ಲ. ತಳದಲ್ಲಿ ಉಳಿಸಿ, ಅದರ ಮೇಲೆ ಹೊಸ ಹಾಲು ಸುರಿಯುತ್ತೇವೆ. ನಾನು ಮದುವಣಗಿತ್ತಿಯಾಗಿ ಬಂದಾಗ ಕುಡಿದದ್ದರ ಮೊಮ್ಮಗುವೋ ಮರಿಮಗುವೋ ಈ ಹೊತ್ತು ನಿಮ್ಮ ಬಟ್ಟಲಲ್ಲಿದೆ. ಹೊಟ್ಟೆ ಕೆಟ್ಟವರು, ಎದೆ ಸೋತವರು ಅದನ್ನು ಹುಡುಕಿಕೊಂಡು ಬೆಟ್ಟ ಹತ್ತಿ ಬರುತ್ತಾರೆ. ಅಂಥದ್ದು ಯಾರಿಗಾದರೂ ಕೇಡು ಮಾಡೀತು ಎಂದು ನಮ್ಮಲ್ಲಿ ಯಾರು ತಾನೇ ನೆನೆದಿದ್ದರು?

ಹೋದ ವರ್ಷ ನನ್ನ ಮಗ ಎರ್ಮೆಕ್ ಆಸ್ಪತ್ರೆಯಿಂದ ಬಂದ. ರಕ್ತದ ಕ್ಯಾನ್ಸರ್. ಕೂದಲಿಲ್ಲ, ಹುಬ್ಬಿಲ್ಲ, ಕೊರಳೆಲುಬಿನ ಕೆಳಗೆ ಔಷಧಿ ಹೋಗುವ ಕೊಳವೆಯೊಂದು. ಅವತ್ತೇ ನಮ್ಮ ಗುಡಾರದಲ್ಲಿ ವರ್ಷದ ಮೊದಲ ಕುಮಿಸ್. ಮೊದಲ ಕುಮಿಸಿಗೆ ನೆರೆಯವರನ್ನೆಲ್ಲ ಕರೆಯಬೇಕು, ಹಿರಿಯರು ಹರಸಿ ಕೊಟ್ಟ ಬಟ್ಟಲನ್ನು ಯಾರೂ ಬೇಡ ಎನ್ನಬಾರದು. ಹಸಿ ಹಾಲು ಕೊಡಬೇಡಿ ಎಂದು ಆಸ್ಪತ್ರೆಯವರು ಹೇಳಿ ಕಳಿಸಿದ್ದರು. ಕೊಡಲಿಲ್ಲ. ಆದರೆ ಕುಮಿಸ್ ಹಾಲೇ? ನಮ್ಮ ಪಾಲಿಗೆ ಅದು ಮದ್ದು.

ಭಾವನವರು ಬಟ್ಟಲು ತುಂಬಿ ಅವನ ಕೈಗಿಟ್ಟರು. "ಕುಡಿ ಮಗನೇ. ಆಸ್ಪತ್ರೆಯವರು ನಿನ್ನ ರಕ್ತಾನ ಸೋಸಿ ಸೋಸಿ ನೀರು ಮಾಡಿದ್ದಾರೆ."

ಬಟ್ಟಲು ತುಟಿಗೆ ಹೋಗಿತ್ತು. ಆಗಷ್ಟೇ ಬಾಗಿಲ ಕಂಬಳಿ ಸರಿಸಿ ಒಳಬಂದ ಡಾಕ್ಟರಮ್ಮ ಅದನ್ನು ಅವನ ಕೈಯಿಂದ ತೆಗೆದುಕೊಂಡರು. ನೆಲಕ್ಕೆ ಚೆಲ್ಲುವಂತಿಲ್ಲ, ಹಿರಿಯರಿಗೆ ಹಿಂದಿರುಗಿಸುವಂತಿಲ್ಲ. ನಿಂತಲ್ಲೇ ನಿಂತು ಗಟಗಟ ತಾವೇ ಕುಡಿದುಬಿಟ್ಟರು.

"ಅವನ ಪಾಲಿನ ಹರಕೆ ನನಗೆ ಬಂತು ಅಜ್ಜ. ಅವನಿಗೆ ಆಮೇಲೆ ಕೊಡ್ತೀನಿ."

"ಸಾಲ ಅಂತ ಇಟ್ಕೋತೀನಿ," ಎಂದರು ಭಾವನವರು. ಯಾರೂ ನಗಲಿಲ್ಲ.

ನಮ್ಮ ಅಧ್ಯಕ್ಷರು ಸುಮ್ಮನಿರುವ ಪೈಕಿಯೇ? ಪಟ್ಟಣಕ್ಕೆ ಹೋಗಿ ಔಷಧಿ ಅಂಗಡಿಯಿಂದ ಗುಳಿಗೆ ತಂದರು. ಹೊಟ್ಟೆಗೆ ಒಳ್ಳೆಯದು ಮಾಡುವ ಜೀವಾಣುಗಳ ಗುಳಿಗೆಯಂತೆ, ಪ್ರೊಬಯಾಟಿಕ್ ಅಂತೆ. "ಕುಮಿಸ್ ಬೇಡ ಅಂದೆ ನೀನು, ಬಿಟ್ಟೆ ನಾನು. ಇದು ಒಣ ಪುಡಿ ಕಣಮ್ಮ. ಇದಕ್ಕೂ ಅಡ್ಡ ಬರ್ತೀಯಾ?"

ಡಾಕ್ಟರಮ್ಮ ಹಸುವಿನ ಹಾಲು ಕಾಯಿಸಿ ಆರಿಸಿ ಎರಡು ಬಟ್ಟಲಿಗೆ ಹಾಕಿಸಿದರು. ಗುಳಿಗೆಗಳನ್ನು ಒಡೆದು ಒಂದಕ್ಕೆ ಮಾತ್ರ ಉದುರಿಸಿ, ಎರಡನ್ನೂ ಕಂಬಳಿಯಲ್ಲಿ ಸುತ್ತಿ ಒಲೆಯ ಬದಿಗಿಟ್ಟರು. ಬೆಳಿಗ್ಗೆ ಬಿಚ್ಚಿದರೆ ಒಂದು ಬಟ್ಟಲಲ್ಲಿ ಹಾಲು ಹಾಲಾಗಿಯೇ ಇತ್ತು. ಇನ್ನೊಂದು ಹೆಪ್ಪುಗಟ್ಟಿ, ವಾರೆ ಮಾಡಿದರೂ ಅಲುಗಲಿಲ್ಲ.

ಸಭಿಕರೇ, ಜೀವನವಿಡೀ ಹಾಲು ಹುಳಿಸಿದ ಕೈ ಇದು. ಅವತ್ತು ಆ ಬಟ್ಟಲನ್ನು ಮುಟ್ಟಲು ಹಿಂಜರಿಯಿತು. ಗುಳಿಗೆಯ ಪುಡಿಗೆ ವಾಸನೆಯಿಲ್ಲ, ಬಣ್ಣವಿಲ್ಲ, ಉಸಿರಿಲ್ಲ. ಡಬ್ಬಿಯೊಳಗಿನ ಆ ಧೂಳು ನಿದ್ದೆ ಮಾಡುತ್ತಿತ್ತು, ಬೆಚ್ಚಗಿನ ಹಾಲು ಕಂಡು ಎದ್ದು ಕೂತಿತ್ತು. ಭಾವನವರು ಬೆರಳದ್ದಿ ನೋಡಿ ಮೆಲ್ಲಗೆ ಅಂದರು: "ಬದುಕಿದೆ."

"ಬದುಕಿದೆ ಅಜ್ಜ," ಎಂದರು ಡಾಕ್ಟರಮ್ಮ. "ನಮ್ಮಂಥೋರ ಹೊಟ್ಟೇಲಿ ಇವು ತಮ್ಮ ಪಾಡಿಗೆ ಇರ್ತವೆ. ದಾರಿ ತಪ್ಪಿ ರಕ್ತಕ್ಕೆ ಬಂದ್ರೆ ಅಲ್ಲಿ ಕಾವಲಿರತ್ತೆ. ಎರ್ಮೆಕ್ ರಕ್ತದಲ್ಲಿ ಈಗ ಕಾವಲೇ ಇಲ್ಲ, ಮೇಲೆ ಆ ಕೊಳವೆ ಬೇರೆ. ಏನೂ ಆಗದೇನೂ ಇರಬಹುದು. ಆದ್ರೆ ಒಂದ್ಸಲ ಅಲ್ಲಿ ಬೆಳೆದ್ರೆ, ಹಿಡಿಯೋಕೆ ಆಗಲ್ಲ."

ನಾನು ಕೇಳಿದೆ, "ಹಾಗಾದ್ರೆ ಇವು ಕೆಟ್ಟವೇನಮ್ಮ?"

"ಅಲ್ಲಮ್ಮ. ಜೀವ ಇರೋವು. ಜಾಗ ಸಿಕ್ಕಿದ ಕಡೆ ಬೆಳೆಯೋದು ಬಿಟ್ರೆ ಅವಕ್ಕೆ ಬೇರೇನೂ ಗೊತ್ತಿಲ್ಲ."

ಈ ಮಾತು ಕೇಳಿದ ಮೇಲೆ ನಾನು ಕುಮಿಸಿನ ಚೀಲವನ್ನು ಕಡೆಯುವಾಗ ಹಾಡುವುದನ್ನು ಬಿಟ್ಟೆ. ಒಳಗೆ ಅಷ್ಟು ಜನ ಕೆಲಸ ಮಾಡುತ್ತಿರುವಾಗ ಸದ್ದು ಮಾಡುವುದು ಸರಿಯೇ ಅನ್ನಿಸಿತು. ನಗಬೇಡಿ. ಎರ್ಮೆಕ್‌ನ ತಂದೆ ತೀರಿಹೋದ ಮೇಲೆ ಹಾಡಲು ನನಗೆ ಉಳಿದಿದ್ದ ಜಾಗ ಅದೊಂದೇ. ಇರಲಿ, ಅದು ಇಲ್ಲಿಗೆ ಬೇಡದ ಮಾತು.

ಎರ್ಮೆಕ್ ಇಡೀ ಬೇಸಿಗೆ ಕುದಿಸಿದ ಚಹಾ ಕುಡಿದ. ಚಳಿಗಾಲ ಪಟ್ಟಣದಲ್ಲಿ ಕಳೆಯಿತು. ಈ ವಸಂತದಲ್ಲಿ ಆಸ್ಪತ್ರೆಯವರು ಕೊಳವೆ ತೆಗೆದರು, ರಕ್ತದಲ್ಲಿ ಕಾವಲು ಮರಳಿದೆ ಎಂದರು. ಕುಮಿಸ್ ಕುಡಿಯಬಹುದೇ ಎಂದು ಡಾಕ್ಟರಮ್ಮ ಅಲ್ಲಿನವರನ್ನು ಕೇಳಿ, ಅವರು ಹೂಂ ಎಂದ ಮೇಲೆಯೇ ನಮ್ಮ ಗುಡಾರಕ್ಕೆ ಬಂದರು. "ಎರಡು ಗುಟುಕು ಸಾಕು. ಗಾಳಿ ತುಂಬಬಹುದು, ಹೊಟ್ಟೆ ಗುಡುಗಬಹುದು, ಅದಕ್ಕೆ ಹೆದರಬೇಡಿ. ಜ್ವರ ಬಂದ್ರೆ ಮಾತ್ರ ಆ ಕ್ಷಣಾನೇ ನನ್ನ ಕರೀರಿ." ಹೀಗೆಂದವರು ಮನೆಗೆ ಹೋದರೇ? ಇಲ್ಲ. ಅಲ್ಲೇ ಗುಡಾರದ ಮರದ ಜಾಲರಿಗೊರಗಿ ಕೂತರು.

ಅವನು ಕುಡಿದ. ನಾವು ಕಾದೆವು. ಹೊರಗೆ ಭಾವನವರು ಮಾಡುವ ಕೆಲಸವಿಲ್ಲದಿದ್ದರೂ ಲಗಾಮು ಬಿಚ್ಚಿ ಕಟ್ಟಿ ಮಾಡುತ್ತಿದ್ದರು. ನಾನು ಮತ್ತೆ ಮತ್ತೆ ಮಗನ ಹಣೆ ಮುಟ್ಟುತ್ತಿದ್ದೆ. ತಣ್ಣಗಿತ್ತು. ಮಧ್ಯಾಹ್ನ ಇಳಿಯುವ ಹೊತ್ತಿಗೆ ಅವನ ಹೊಟ್ಟೆ ಎಂಥಾ ಸದ್ದು ಮಾಡಿತೆಂದರೆ, ಭಾವನವರು ಹೊರಗಿನಿಂದಲೇ ಕೇಳಿದರು:

"ಏನು, ಮಳೆ ಬರತ್ತಾ?"

"ಇಲ್ಲ ದೊಡ್ಡಪ್ಪ, ನಾನು," ಎಂದ ಎರ್ಮೆಕ್, ನಾಚಿಕೊಂಡು.

ಎಲ್ಲರಿಗೂ ಆಗುವುದು ಅವನಿಗೂ ಆಗಿತ್ತು. ಅಷ್ಟೇ ಆಗಿತ್ತು. ಡಾಕ್ಟರಮ್ಮ ನಕ್ಕರು. ನಾನು ಮಗನ ಹೊಟ್ಟೆಯ ಮೇಲೆ ಕಿವಿಯಿಟ್ಟು ಕೇಳಿದೆ. ಅವನು ಹುಟ್ಟುವ ಮೊದಲು ಅವನ ತಂದೆ ನನ್ನ ಹೊಟ್ಟೆಗೆ ಕಿವಿಯಿಟ್ಟದ್ದು ಹೀಗೆಯೇ.

ಡಾಕ್ಟರಮ್ಮ, ಹೋಗಿ ಬನ್ನಿ. ನಿಮಗೂ, ಕೇಳಿದ ನಿಮ್ಮೆಲ್ಲರಿಗೂ ನಾನು ಋಣಿ. ನಮಸ್ಕಾರ.