ಗೋಡೆಗೆ ಹೊಡೆದ ಪ್ರಬಂಧ

ಸ್ವೀಡನ್ನಿನ ಉಪ್ಸಾಲಾದಲ್ಲಿ, ಬಸ್ಸಿನಲ್ಲಿ ನನ್ನ ಮುಂದೆ ಸಂಶೋಧಕಿ ತುವಾ, ಅವಳ ಮಾರ್ಗದರ್ಶಕಿ ಗುನ್‌ವೋರ್ ಕುಳಿತಿದ್ದರು. ವಿಶ್ವವಿದ್ಯಾಲಯದ ವರ್ಷದ ಸಾಧನೆಗಳ ಪುಸ್ತಕ ತುವಾಳ ತೊಡೆಯ ಮೇಲಿತ್ತು.

“ಮೊದಲನೇ ಪುಟದಲ್ಲೇ ನೀನು! ಮತ್ಯಾಕೆ ಪುಸ್ತಕ ಮುಚ್ಚಿಡ್ತೀಯ?”

“ನನ್ನ ಪ್ರಬಂಧದಲ್ಲಿ ಔಷಧಿ ಕುಡಿದವರು, ಕುಡಿಯದವರು, ಎರಡು ಪಟ್ಟಿನೂ ಅದಲುಬದಲಾಗಿದೆ, ಗುನ್‌ವೋರ್. ವಾಸಿಯಾದೋರು ಕುಡಿಯದವರು.”

“ಅಯ್ಯೋ ದೇವರೇ! ಪರೀಕ್ಷೆಗೆ ಮುಂಚೆ ಎಲ್ರೂ ಓದ್ಲಿ ಅಂತ, ಪದ್ಧತಿ ಪ್ರಕಾರ ಪ್ರಬಂಧಕ್ಕೆ ಮೊಳೆ ಹೊಡೆದು ಗೋಡೆಗೆ ತೂಗುಹಾಕಿಯಾಯ್ತಲ್ಲೇ!”

“ಎಲ್ರೂ ಚಪ್ಪಾಳೆನೂ ತಟ್ಟಿದ್ರು.”

“ಬಾಯಿ ಮುಚ್ಕೊಂಡಿರು. ಶುಕ್ರವಾರ ನಿನ್ನ ಪಿಎಚ್‌ಡಿ ಪರೀಕ್ಷೆ ಮುಗೀಲಿ.”

“ನಾಳೆಯಿಂದ್ಲೇ ಮಕ್ಕಳ ವಾರ್ಡಲ್ಲಿ ಆ ಔಷಧಿ ಕೊಡ್ತಾರಂತೆ.”

ಆಸ್ಪತ್ರೆಯ ನಿಲ್ದಾಣದಲ್ಲಿ ತುವಾ ಎದ್ದಳು.

“ಒಬ್ಬಳೇ ಹೋಗಿ ಹೇಳೋಕೆ ಭಯ. ಬರ್ತೀಯಾ?”

“ಬರದೆ ಏನ್ಮಾಡ್ಲಿ? ಪಟ್ಟಿ ಸರಿಯಿದೆ ಅಂತ ಸಹಿ ಹಾಕಿದೋಳು ನಾನೇ ಅಲ್ವೇನೇ?”

ಕೈ ಕೈ ಹಿಡಿದು ಇಬ್ಬರೂ ಇಳಿದರು.