ಲೂಟಿ ಅಂತ ನಾ ಒದರಿದ್ದು

ಅಲ್ಲವ್ವ, ಪ್ಯಾರಲ ಹಣ್ಣಿನ ಗಿಡ ಹತ್ತಿದ ಆ ಹುಡುಗ್ರಿಗಿ ‘ಲೂಟಿ ಮಾಡ್ಲಕತ್ತೀರಿ’ ಅಂತ ಬೈದೆಲ್ಲ ಈಗ, ಆ ಮಾತ ಕೇಳಿದ್ರ ಇವತ್ತಿಗೂ ನನ್ನ ಎದಿ ಝಲ್ ಅಂತದ. ಯಾಕಂದ್ರ ಒಮ್ಮಿ ನಾನೂ ಒದರೀನಿ ಅದನ್ನ. ಬರ ಬಿದ್ದ ವರ್ಷ ಅದು. ನಾ ಹೊಸದಾಗಿ ಸಾಲಿ ಅಕ್ಕೋರಾಗಿ ಸಂತಪುರಕ್ಕ, ಅಲ್ಲಲ್ಲ, ಸಂತಪುರದಾಗ ಬಸ್ ಇಳದು ನಡದು ಹೋಗೂ ಒಂದ ಹಳ್ಳಿಗಿ ಹೋಗಿದ್ದೆ. ನಮ್ಮಪ್ಪ ತೀರಿದ್ದ. ಬೀದರದಾಗ ಅವ್ವ, ಇಬ್ರು ತಮ್ಮಂದ್ರು ನನ್ನ ಪಗಾರದ ಮ್ಯಾಲೇ ಇದ್ರು. ಸಾಲಿ ಮಕ್ಕಳ ಉಪ್ಪಿಟ್ಟಿಗಿ ಸರ್ಕಾರದ ರವಾ ಬರ್ತಿತ್ತು. ಸೂಟಿ ಬಿತ್ತು, ಹೆಡ್ ಮಾಸ್ತರ್ ಭಾಲ್ಕಿಗಿ ತಮ್ಮ ಮನಿಗಿ ಹೊಂಟ್ರು. ರವಾದ ಚೀಲ ಇಟ್ಟ ಕೋಲಿ ಚಾವಿ ನನ್ನ ಕೈಯಾಗ ಇಟ್ಟು, "ಕಾಯ್ಕೋತ ಇಲ್ಲೇ ಇರು. ಒಂದ ಚೀಲ ಕಡಿಮಿ ಆದ್ರ ನೌಕರಿ ಹೋಯ್ತ್ ನೋಡವ್ವ" ಅಂದ್ರು.

ಮೂರನೇ ದಿನ ಊರ ಹೆಣ್ಣಮಕ್ಕಳು ಬಂದ್ರು. ಮುಂದ ಕಾಶಿಬಾಯಿ, ಸಾಲ್ಯಾಗ ಉಪ್ಪಿಟ್ಟ ಮಾಡಾಕಿ. "ಚಾವಿ ಕೊಡ್ರಿ ಅಕ್ಕೋರ, ಹುಡುಗ್ರು ನಿನ್ನಿಯಿಂದ ಉಂಡಿಲ್ಲರಿ." ನಾ ಅಂದೆ, "ಸಾಲಿ ಸೂಟಿ ಅದ, ಕೊಡ್ಲಿಕ್ಕಿ ಆರ್ಡರ್ ಇಲ್ಲ." ಆಕಿ ಅಂದ್ಲು, "ಸಾಲಿಗಿ ಸೂಟಿ ಅದರಿ, ಹೊಟ್ಟಿಗಿ ಸೂಟಿ ಎಲ್ಲದರಿ?" ಕೊಡ್ಲಿಲ್ಲವ್ವ ನಾ. ಕಲ್ಲ ತಗೊಂಡು ಕೀಲಿ ಒಡದ್ರು. ನಾ ಹೊರಗ ಓಡಿ ಬಂದು "ಲೂಟಿ! ಲೂಟಿ!" ಅಂತ ಊರೆಲ್ಲ ಕೇಳೂ ಹಂಗ ಒದರಿದೆ. ನಮ್ಮ ಆಯಿ-ಮುತ್ಯಾನ ಕಾಲದಾಗ ಲೂಟಿ ಅಂದ್ರ ಕುದುರಿ ಮ್ಯಾಲ ಬರಾವ್ರು, ಆ ಮಾತ ಕಿವಿಗಿ ಬಿದ್ರ ಸಾಕು, ಮಂದಿ ಜೋಳ ನೆಲದಾಗ ಮುಚ್ಚಿಟ್ಟು ಓಡ್ತಿದ್ರಂತ. ಅಂಥಾ ಮಾತ ನಾ ಡಬರಿ ಹಿಡಕೊಂಡ ಬಂದ ತಾಯಂದ್ರಿಗಿ ಅಂದೆ, ನೋಡು.

ಬರಗಾಲದ ಕೆರಿ ಕೆಲಸದ ಹಂತ್ಯಾಕ ಇದ್ದ ಪೊಲೀಸಗ ಖಬರ್ ಹೋಯ್ತು. ಅಂವ ಬರೂತನ ಏನಾಗಿತ್ತು ಗೊತ್ತದೇನ? ಒಂದೇ ಚೀಲ ಬಿಚ್ಚ್ಯಾರ. ಸಾಲಿ ಡಬರ್ಯಾಗೇ ಉಪ್ಪಿಟ್ಟ ಮಾಡಿ, ಬೇವಿನ ಗಿಡದ ಬುಡಕ ಹುಡುಗ್ರಿಗಿ ಸಾಲಾಗಿ ಕುಂದರ್ಸ್ಯಾರ. ದೊಡ್ಡವರ ಬಾಯಿಗಿ ಒಂದ ತುತ್ತೂ ಇಲ್ಲ. ಕಾಶಿಬಾಯಿ ನನ್ನ ಮುಂದ ಒಂದ ತಾಟ ತಂದಿಟ್ಲು, "ನೀವೂ ಮುಂಜಾನಿಂದ ಉಂಡಿಲ್ಲರಿ ಅಕ್ಕೋರ." ನಾಚಿಕಿ ಆಯ್ತವ್ವ, ಭಾಳ ನಾಚಿಕಿ ಆಯ್ತು.

ಪೊಲೀಸ ಬಂದು, "ಲೂಟಿ ಅಂತ ಒದರಿದವ್ರು ಯಾರು? ಯಾರ್ಯಾರ್ ಇದ್ರು, ಹೆಸ್ರು ಹೇಳ್ರಿ" ಅಂದ. ನನ್ನ ಕಣ್ಣ ಮುಂದ ತಮ್ಮಂದ್ರು. ಅಂದ್ರೂ ಅಂದೆ, "ನಾನೇ ಒದರೀನ್ರಿ, ತಪ್ಪ ನಂದು. ಕೀಲಿ ಒಡಿರಿ ಅಂದಾಕಿನೂ ನಾನೇ."

ಪೊಲೀಸ ನನ್ನ ಹೆಸ್ರ ಒಂದೇ ಬರಕೊಂಡು ಹೋದ. ಹೆಡ್ ಮಾಸ್ತರ್ ಬಂದು ಬೈದ್ರು, ಮ್ಯಾಲಿನವ್ರಿಗಿ ಬರದ್ರು. ನೌಕರಿ ಹ್ಯಾಂಗೋ ಉಳೀತು, ಜನವಾಡ ಕಡಿ ವರ್ಗ ಆಯ್ತು. ಹೊಂಟ ದಿನ ಕಾಶಿಬಾಯಿ ನನ್ನ ಟ್ರಂಕ ತಲಿ ಮ್ಯಾಲ ಹೊತ್ತು ಸಂತಪುರತನ ನಡದ್ಲು. ಅದಕ್ಕ ಹೇಳ್ತೇನಿ, ಯಾರಿಗರೆ ಲೂಟಿ ಅನ್ನೂಕಿಂತ ಮದಲ ಉಂಡೀರೇನ ಅಂತ ಕೇಳಬೇಕು. ಹೋಗು, ಆ ಹುಡುಗ್ರಿಗಿ ಒಳಗ ಕರಿ.