ಇನ್ನೂರೂ ಹಸಿರು

ಅಯ್ಯೋ, ಆ ಮೊಗ್ಗು ಮುಟ್ಬೇಡ ಅಶ್ವಿತಾ. ನಿನ್ನೆ ಸಂಜೆಯಷ್ಟೇ ಕಾಗದದ ಚೀಲ ಹಾಕಿದ್ದು... ಹೌದು, ಬೆಂಡೆಯೇ. ಪಟ್ಟಂ ಪೇಟೆಯ ಈ ತಾರಸಿಯಲ್ಲಿ ಮತ್ತೇನು ಬೆಳೀತದೆ? ಕೂತ್ಕೊ. ಚಿಕ್ಕವಳಿರುವಾಗ ರಜೆಯಲ್ಲಿ ಇಲ್ಲಿಗೆ ಬಂದ್ರೆ ಶ್ರೀಪತಿ ಮಾವ ಅಂತ ಬೆನ್ನು ಬಿಡ್ತಿರಲಿಲ್ಲ ನೀನು.

ಅಮ್ಮ ಹೋಗಿ ವರ್ಷ ಆಗ್ತಾ ಬಂತಲ್ಲ. ಕಳಮಶ್ಶೇರಿಗೆ, ನಿಮ್ಮ ಮನೆಗೆ ಬರಬೇಕಿತ್ತು ನಾನು... ಬರಲಿಲ್ಲ. ನೀನು ಏನು ಕೇಳ್ಲಿಕ್ಕೆ ಬಂದದ್ದೂಂತ ನಂಗೆ ಗೊತ್ತುಂಟು.

ಏನೂ ಅರಿಯದವಳ ಹಾಗೆ ನೋಡ್ಬೇಡ. ಎರಡು ಸಾವಿರದ ಒಂದನೇ ಇಸವಿ ಅದು. ದಾಕ್ಷಾಯಣಿ ಮೇಡಂ, ನಿನ್ನಮ್ಮ, ಇಲ್ಲಿಯ ಕೃಷಿ ಕೇಂದ್ರದಲ್ಲಿ ಕೆಲಸದಲ್ಲಿದ್ದು ಡಾಕ್ಟರೇಟ್ ಪದವಿಗೆ ಸಂಶೋಧನೆ ಮಾಡ್ತಿದ್ರು. ನಾನು ಅವರ ತೋಟದಲ್ಲಿ ದಿನಗೂಲಿ. ತಾಯಿಗಿಡ ಹಸಿರು ಬೆಂಡೆ, ತಂದೆಗಿಡ ಕೆಂಪು ಬೆಂಡೆ. ಕೆಂಪಿನ ಗುಣ ಜೋರು, ಮರಿಗಳಲ್ಲಿ ಕಾಣಲೇಬೇಕು. ಎರಡನ್ನೂ ಕೂಡಿಸ್ಲಿಕ್ಕೆ, ಹಸಿರು ಗಿಡದಲ್ಲಿ ನಾಳೆ ಬಿರಿಯುವ ಮೊಗ್ಗನ್ನು ಇವತ್ತು ಸಂಜೆಯೇ ಸೀಳಿ, ಅದರ ಸ್ವಂತ ಪರಾಗವನ್ನೆಲ್ಲ ಚಿಮಟದಲ್ಲಿ ತೆಗೆದುಬಿಡಬೇಕು. ಬೆಳಿಗ್ಗೆ ಕೆಂಪಿನ ಪರಾಗ ಸವರಿ, ಮಾಡಿದವರ ಸಹಿ ಇರುವ ಚೀಟಿ ಕಟ್ಟಬೇಕು. ಸುಮ್ಮನೆ ಬಿಟ್ರೆ ಹೂವು ತನ್ನಷ್ಟಕ್ಕೆ ಕಾಯಿ ಕಟ್ತದೆ, ತಾಯಿಯದ್ದೇ ಪಡಿಯಚ್ಚು.

ಆ ಬೀಜದಿಂದ ಇನ್ನೂರು ಗಿಡ ಎದ್ದು ಬಂತು. ಇನ್ನೂರೂ ಹಸಿರು.

ವಿಚಾರಣೆ ಮಾಡಿದ್ರು. ಚೀಟಿಯಲ್ಲಿ ಅವರ ಸಹಿ, ಚೀಟಿಯ ತಾರೀಕಿನ ಮೂರು ದಿನವೂ ಅವರು ರಜೆ. ಕಳಮಶ್ಶೇರಿಯಲ್ಲಿ ಅಪ್ಪನ ಹತ್ರ ಇದ್ದ ನಿನಗೆ ಜ್ವರ ಅಂತ ಓಡಿದ್ರು. ಮಾಡದ್ದನ್ನು ಮಾಡಿದೆ ಅಂತ ಬರೆದಿದ್ದಾರೆ ಅಂದ್ರು. ಪದವಿ ಹೋಯ್ತು, ಕೆಲಸ ಹೋಯ್ತು, ಮತ್ತೆ ಅವರು ತಲೆ ಎತ್ತಲಿಲ್ಲ.

ಬೀಜದ ಡಬ್ಬಿ ಅದಲುಬದಲಾಯ್ತೂಂತ ಕಾಣ್ತದೆ... ನಾನಾ? ನಾನು ಊರಲ್ಲಿದ್ದೆ, ಕಾಸರಗೋಡಿನಲ್ಲಿ. ಹೋಗುವಾಗ ಅಮ್ಮ ಖಾಲಿ ಚೀಟಿಗಳಿಗೆಲ್ಲ ಸಹಿ ಹಾಕಿಟ್ಟೇ ಹೋದದ್ದು, ಅಷ್ಟು ಭರವಸೆ ಕೆಲಸದವರ ಮೇಲೆ. ಆ ಸಂಜೆಯ ಮಳೆಯೋ! ಶಾಯಿ ಹರಡಿ, ಕೈ ಮರಗಟ್ಟಿ, ಗಂಟು ಹಾಕ್ಲಿಕ್ಕೇ ಆಗದೆ ಒಂದೊಂದು ಚೀಟಿಯನ್ನು ಎರಡೆರಡು ಸಲ...

ಯಾಕೆ ಹಾಗೆ ನೋಡ್ತೀ?

...ಇದ್ದೆ. ತೋಟದಲ್ಲೇ ಇದ್ದೆ. ಉದಾಸೀನ, ಮಗಳೇ, ಬರೀ ಸೋಮಾರಿತನ. ಮಳೆಯಲ್ಲಿ ಕುಕ್ಕರುಗಾಲಿನಲ್ಲಿ ಕೂತು ಮೊಗ್ಗು ಸೀಳುವವರು ಯಾರು ಅಂತ ಮೂರು ದಿನವೂ ಶೆಡ್ಡಿನಲ್ಲಿ ಮಲಗಿದೆ. ಮೂರನೇ ಸಂಜೆ ಮಾತ್ರ ಹೊರಗೆ ಬಂದು, ತನ್ನಷ್ಟಕ್ಕೆ ಕಟ್ಟಿದ ಕಾಯಿಗಳಿಗೆ ಮಳೆಯಲ್ಲೇ ಅವರ ಸಹಿಯ ಚೀಟಿ ಕಟ್ಟಿದೆ. ವಿಚಾರಣೆಯಲ್ಲಿ ನಂಗೇನೂ ಗೊತ್ತಿಲ್ಲ ಅಂದೆ. ಅವರೂ ನನ್ನ ಹೆಸರೆತ್ತಲಿಲ್ಲ, ಯಾಕೋ. ಮರುವರ್ಷ ನನ್ನ ಕೆಲಸ ಖಾಯಂ ಆಯ್ತು.

ಎಂಟು ವರ್ಷದಿಂದ ಇಲ್ಲಿ ಅದನ್ನೇ ಮಾಡ್ತೇನೆ, ಸರಿಯಾಗಿ. ಪ್ರತಿ ಸಲ ಕೆಂಪೇ ಬರ್ತದೆ. ತಪ್ಪು ನನ್ನದೊಬ್ಬನದ್ದೇ ಅಲ್ಲ ಅಂದ್ಕೊಳ್ಲಿಕ್ಕೆ ಒಂದಾದರೂ ಹಸಿರು ಬರಲಿ ಅಂತ ಬೇಡಿಕೊಳ್ತೇನೆ, ಬರುವುದಿಲ್ಲ. ಬೆನ್ನ ಹಿಂದೆ ಅವರು ನಿಂತು ಗಿಡ ಎಣಿಸ್ತಿರ್ತಾರೆ. ತಿರುಗಿದ್ರೆ ಯಾರೂ ಇಲ್ಲ. ನಂಗೆ ಹೆದರಿಕೆ ಆಗ್ತದೆ.

ಅಮ್ಮ ಎಲ್ಲ ಹೇಳಿದ್ದಾರಲ್ಲ ನಿನಗೆ? ಅದಕ್ಕೇ ಬಂದದ್ದಲ್ವಾ?

...ಅಲ್ವಾ? ಏನದು, ಕಾಗದ? ಕೊಡು. ಅಮ್ಮನ ವರ್ಷಾಂತಿಕದ ಶ್ರಾದ್ಧಕ್ಕೆ ಕರೆಯಬೇಕಾದವರ ಪಟ್ಟಿ... ಹೋಗುವ ಮೊದಲೇ ಬರೆದಿಟ್ಟದ್ದಾ? ಅಮ್ಮನದ್ದೇ ಅಕ್ಷರ. “ಶ್ರೀಪತಿಯನ್ನು ತಪ್ಪದೆ ಕರೆ. ಆ ಮೂರು ದಿನ ಪಾಪ, ಮಳೆಯಲ್ಲಿ ನೆನೆದು ನನ್ನ ಕೆಲಸ ಮಾಡಿದ. ಕೂಲಿಯವ ಮಾಡಿದ್ದೆಂದು ಗೊತ್ತಾಗಿ ಬಡವನ ಅನ್ನ ಹೋಗಬಾರದೆಂದು ಅವನ ಹೆಸರು ನಾನು ಯಾರಿಗೂ ಹೇಳಿಲ್ಲ.”

ನಿನಗೇನೂ ಗೊತ್ತಿರಲಿಲ್ಲ... ಮೋಳೇ, ಮಗಳೇ, ಮಲಯಾಳದಲ್ಲಾದರೂ ಒಂದು ಬೈಗುಳ ಬೈ. ಎದ್ದಿಯಾ? ಕಾಗದ ಕಿತ್ಕೊಳ್ಬೇಡ, ಅವರ ಕೈಬರಹ ಅದು, ಒಂದು ಗಳಿಗೆ ಇರ್ಲಿ ನನ್ನ ಹತ್ರ...

ಸರಿ. ತಗೊ. ಹೋಗು.